ಲೆಬನಾನಿನಲ್ಲಿ ಪಲ್ಟನ್ ಆಫೀಸು ನಡೆಸಿದ್ದು: ನನ್ನ ಅನುಭವ

ಪಲ್ಟನ್ನಿನಲ್ಲಿ, ಅಂದರೆ ಸೇನೆಯ ಬೆಟಾಲಿಯನ್ನಿನಲ್ಲಿ, ಬೆಳಗ್ಗೆ ಮೊದಲು ತಯಾರಾಗುವುದು ಚಹಾ, ಆಮೇಲೆ ನಫ್ರಿ, ಅಂದರೆ ಜನರ ಲೆಕ್ಕ. ಎಷ್ಟು ಜನ ಹಾಜರು, ಎಷ್ಟು ಜನ ರಜೆ, ಯಾರು ಆಸ್ಪತ್ರೆಯಲ್ಲಿ, ಯಾರು ಡ್ಯೂಟಿ ಮೇಲೆ ಹೊರಗೆ ಅನ್ನುವುದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಪಲ್ಟನ್ನಿನ ಆಡಳಿತ ನೋಡುವ ಅಡ್ಜುಟೆಂಟ್ ಸಾಹೇಬರ ಮೇಜಿನ ಮೇಲೆ ಇಡಬೇಕು. ಕೂಡಿದರೆ ಲೆಕ್ಕ ತಾಳೆ ಆಗಬೇಕು. ಒಬ್ಬ ಜಾಸ್ತಿ ಬಂದರೂ ತಪ್ಪು, ಒಬ್ಬ ಕಡಿಮೆ ಬಂದರೂ ತಪ್ಪು. ಆ ಹಾಳೆ ಮಾಡುವವನು ಕ್ಲರ್ಕ್. ಜವಾನರ ಬಾಯಲ್ಲಿ ಅವನು ಬಾಬೂಜಿ. ನಾನು ಭಾರತೀಯ ಸೇನೆಯಲ್ಲಿ ವರ್ಷಗಟ್ಟಲೆ ಈ ಕೆಲಸ ಮಾಡಿದೆ. ಅದರಲ್ಲಿ ಸುಮಾರು ಒಂದು ವರ್ಷ ದಕ್ಷಿಣ ಲೆಬನಾನಿನಲ್ಲಿ, ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆ ಹಾಕಿಕೊಂಡು ಮಾಡಿದೆ. ಸರ್ವೀಸಿನಲ್ಲೇ ಅತಿ ಜಾಸ್ತಿ ನಕ್ಕಿದ್ದು ಆ ವರ್ಷ. ಕೆಲಸ ಅತಿ ಜಾಸ್ತಿ ಕಲಿತಿದ್ದೂ ಆ ವರ್ಷವೇ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಲೆಬನಾನಿನಲ್ಲಿರುವ ವಿಶ್ವಸಂಸ್ಥೆಯ ಶಾಂತಿಪಡೆಗೆ ಯುನಿಫಿಲ್ ಅಂತ ಹೆಸರು. 1978ರಲ್ಲಿ ಶುರುವಾಗಿದ್ದು. ಭಾರತದ ಬೆಟಾಲಿಯನ್ ಅಲ್ಲಿಗೆ ಮೊದಲ ಸಲ ಹೋಗಿದ್ದು 1998ರ ಕೊನೆಯಲ್ಲಿ. ನಮ್ಮ ಹೆಡ್‌ಕ್ವಾರ್ಟರ್ಸ್ ಇದ್ದದ್ದು ಎಬೆಲ್ ಎಸ್ ಸಾಕಿ ಅನ್ನುವ ಬೆಟ್ಟದೂರಿನಲ್ಲಿ. ಸುತ್ತ ಆಲಿವ್ ತೋಟ. ಪೂರ್ವಕ್ಕೆ ಹರ್ಮನ್ ಪರ್ವತ, 2,814 ಮೀಟರ್ ಎತ್ತರ, ಚಳಿಗಾಲದಲ್ಲಿ ಪೂರ್ತಿ ಬೆಳ್ಳಗೆ. ನಮ್ಮ ಪೋಸ್ಟುಗಳು ಶೆಬಾ, ಕ್ಫರ್ ಶೌಬಾ ಕಡೆಯ ಗುಡ್ಡಗಳಲ್ಲಿ ಹರಡಿದ್ದವು. ಆಚೆ ಬ್ಲೂ ಲೈನ್, ಅಂದರೆ 2000ದಲ್ಲಿ ಇಸ್ರೇಲ್ ಸೈನ್ಯ ವಾಪಸ್ ಹೋದದ್ದನ್ನು ಖಚಿತ ಮಾಡಿಕೊಳ್ಳಲು ವಿಶ್ವಸಂಸ್ಥೆ ಎಳೆದ ಗೆರೆ. ನಮ್ಮ ಮೇಲಿನ ಆಫೀಸು ಹತ್ತಿರದ ಮರ್ಜಯೂನ್‌ನಲ್ಲಿ, ಅದನ್ನು ನಡೆಸುತ್ತಿದ್ದವರು ಸ್ಪೇನಿನವರು. ಅದಕ್ಕೂ ಮೇಲಿನದು ಸಮುದ್ರದ ದಡದ ನಕೂರಾದಲ್ಲಿ. ಅಲ್ಲಿ ಇಟಲಿ, ಫ್ರಾನ್ಸ್, ಘಾನಾ, ನೇಪಾಳ, ಇಂಡೋನೇಷ್ಯಾ ಹೀಗೆ ಅನೇಕ ದೇಶದವರು. ಪ್ರತಿ ದೇಶದವರಿಗೂ ಅವರದೇ ಇಂಗ್ಲಿಷ್. ಕಾಗದ ಮಾತ್ರ ಎಲ್ಲರಿಗೂ ಒಂದೇ. ಆ ಕಾಗದವೇ ನನ್ನ ಕೆಲಸ.

ಮೊದಲ ಪೇಚಾಟ ಹೆಸರಿನದು. ವಿಶ್ವಸಂಸ್ಥೆಯ ಯಾವ ಫಾರಂ ತೆಗೆದುಕೊಂಡರೂ ಮೊದಲ ಎರಡು ಖಾನೆ ಇವೇ: ಫ್ಯಾಮಿಲಿ ನೇಮ್, ಫಸ್ಟ್ ನೇಮ್. ನಮ್ಮ ಪಲ್ಟನ್ನಿನಲ್ಲಿ ಮುಕ್ಕಾಲು ಪಾಲು ಜನ ಉತ್ತರದವರು, ಬಹುತೇಕ ಎಲ್ಲರೂ ಸಿಂಗ್. ಊರಲ್ಲಿ ಇದರಿಂದ ಏನೂ ತೊಂದರೆ ಇಲ್ಲ. ಸೇನೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಆರ್ಮಿ ನಂಬರಿನ ಕೊನೆಯ ಎರಡು ಅಂಕಿ ಸೇರಿಸಿ ಕರೆಯುತ್ತೇವೆ. 'ಎಪ್ಪತ್ತೆರಡು ಎಲ್ಲಿ?' ಅಂದರೆ ಸರಿಯಾದ ಮನುಷ್ಯನೇ ಓಡಿ ಬರುತ್ತಾನೆ. ಎಷ್ಟೋ ಹುಡುಗರಿಗೆ ಮದುವೆಯಾದ ಮೇಲೂ ಪಲ್ಟನ್ನಿನಲ್ಲಿ ಅದೇ ಹೆಸರು. ಆದರೆ ನಕೂರಾದ ಗಣಕಯಂತ್ರಕ್ಕೆ ಎಪ್ಪತ್ತೆರಡು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಿಂಗ್ ಮಾತ್ರ.

ಆಗ ವಿಶ್ವಸಂಸ್ಥೆಯ ಜೀಪುಗಳಲ್ಲಿ ಕಾರ್‌ಲಾಗ್ ಅನ್ನುವ ಸಣ್ಣ ಡಬ್ಬಿ ಇರುತ್ತಿತ್ತು. ಡ್ರೈವರ್ ತನ್ನ ಕಾರ್ಡ್ ಉಜ್ಜಿದರೆ ಮಾತ್ರ ಗಾಡಿ ಸರಿಯಾಗಿ ನಡೆಯುತ್ತಿತ್ತು. ಯಾರು ಓಡಿಸಿದರು, ಎಷ್ಟು ವೇಗ, ಎಲ್ಲವೂ ಅದರಲ್ಲಿ ದಾಖಲು. ಒಂದು ಬೆಳಗ್ಗೆ ಮೇಲಿನಿಂದ ಕಾಗದ ಬಂತು. ಇಂಥ ದಿನ, ಇಂಥ ರಸ್ತೆಯಲ್ಲಿ ಮಿತಿ ಮೀರಿ ಗಾಡಿ ಓಡಿಸಿದ ಡ್ರೈವರ್ ಸಿಂಗ್ ವಿವರಣೆ ಕೊಡಬೇಕು. ಕಾರ್ಡಿನ ನಂಬರು ಅದರಲ್ಲಿ ಇರಲಿಲ್ಲ. ಗಾಡಿಗಳ ಉಸ್ತುವಾರಿಯ ಎಂ.ಟಿ. ಹವಾಲ್ದಾರರು ಡ್ರೈವರುಗಳನ್ನೆಲ್ಲ ಫಾಲ್ ಇನ್ ಮಾಡಿಸಿ 'ಸಿಂಗ್ ಆದವರು ಒಂದು ಹೆಜ್ಜೆ ಮುಂದೆ' ಅಂದರು. ಇಡೀ ಸಾಲು ಒಂದು ಹೆಜ್ಜೆ ಮುಂದೆ ಬಂತು. ಹಿಂದೆ ಉಳಿದವನು ಕೇರಳದ ಒಬ್ಬನೇ. ಹವಾಲ್ದಾರರು ಅವನನ್ನೇ ನೋಡಿ, 'ನೀನೊಬ್ಬ ಬಚಾವ್, ಹೋಗಿ ಚಹಾ ಕುಡಿ' ಅಂದರು. ಕೊನೆಗೆ ಆ ದಿನದ ಟ್ರಿಪ್ ಟಿಕೆಟ್ ತೆಗೆಸಿ, ಗಾಡಿ ನಂಬರ್ ಹೊಂದಿಸಿ, ಆ ಮನುಷ್ಯನನ್ನು ಹುಡುಕಿದ್ದಾಯಿತು.

ದಕ್ಷಿಣದವರದು ಇನ್ನೊಂದು ತರಹ. ನಮ್ಮ ಜೊತೆ ಸಿಗ್ನಲ್ಸ್, ಇಂಜಿನಿಯರ್ಸ್, ಇ.ಎಂ.ಇ. (ಯಂತ್ರಗಳ ರಿಪೇರಿ ವಿಭಾಗ), ಮೆಡಿಕಲ್ ಹೀಗೆ ಬೇರೆ ಬೇರೆ ಕೋರಿನವರು ಇದ್ದರು. ಅವರಲ್ಲಿ ಕನ್ನಡದವರು, ತಮಿಳರು, ತೆಲುಗಿನವರು. ನಮ್ಮ ಕಡೆ ಇನಿಷಿಯಲ್ ಇರುತ್ತದೆ, ಫ್ಯಾಮಿಲಿ ನೇಮ್ ಎಲ್ಲಿಂದ ತರುವುದು? ಇನಿಷಿಯಲ್ ಬಿಡಿಸಿ ಬರೆದರೆ ಒಂದು ಊರಿನ ಹೆಸರು, ಇನ್ನೊಂದು ಅಪ್ಪನ ಹೆಸರು. ಖಾನೆ ಖಾಲಿ ಬಿಡುವ ಹಾಗಿಲ್ಲ. ಹೀಗಾಗಿ ಅಪ್ಪನ ಹೆಸರೇ ಫ್ಯಾಮಿಲಿ ನೇಮ್ ಆಯಿತು. ಮಂಡ್ಯ ಕಡೆಯ ಒಬ್ಬ ಸಿಗ್ನಲ್ ಹುಡುಗನನ್ನು ನಕೂರಾಕ್ಕೆ ಕಳಿಸಿದ್ದೆವು. ಅಲ್ಲಿ ಕೌಂಟರಿನಲ್ಲಿ ಅವನ ಅಪ್ಪನ ಹೆಸರು ಹಿಡಿದು ಕೂಗಿದ್ದಾರೆ. ಇವನು ತಿರುಗಿ ಬಾಗಿಲ ಕಡೆ ನೋಡಿದನಂತೆ, ಅಪ್ಪ ಇಲ್ಲಿಗೆ ಹೇಗೆ ಬಂದ ಅಂತ. ಆಮೇಲೆ ಆ ವಾರದ ಫೋನಿನಲ್ಲಿ ಮನೆಗೆ ಹೇಳಿದ, 'ಇಲ್ಲಿ ಎಲ್ಲರೂ ನನ್ನ ನಿಮ್ಮ ಹೆಸರಲ್ಲೇ ಕರೀತಾರೆ' ಅಂತ. ಅವರಪ್ಪ ಆ ಖುಷಿಗೆ ಊರಿನ ಹೋಟೆಲಿನಲ್ಲಿ ಕಂಡವರಿಗೆಲ್ಲ ಕಾಫಿ ಕೊಡಿಸಿದರಂತೆ. ಈ ಸುದ್ದಿ ಅವನು ನನಗೆ ಬಂದು ಹೇಳಿದಾಗ ನನಗೂ ಬಹಳ ಖುಷಿಯಾಯಿತು.

ಇದಕ್ಕೆ ನಾನು ಮಾಡಿಕೊಂಡ ವ್ಯವಸ್ಥೆ ಸರಳ. ಒಂದು ಮಾಸ್ಟರ್ ಹಾಳೆ. ಎಡಗಡೆ ಮೊದಲ ಖಾನೆ ಆರ್ಮಿ ನಂಬರ್. ಎರಡನೆಯದು ನಮ್ಮ ದಾಖಲೆಯ ಹೆಸರು, ಒಂದಕ್ಷರವೂ ಬದಲಿಸದೆ. ಮೂರನೆಯದು ವಿಶ್ವಸಂಸ್ಥೆಯ ಗುರುತಿನ ಚೀಟಿಯಲ್ಲಿ ಇರುವ ಹೆಸರು. ನಾಲ್ಕನೆಯದು ಆ ಚೀಟಿಯ ನಂಬರ್. ಮೇಲಿನಿಂದ ಯಾವ ಕಾಗದ ಬಂದರೂ ಹೆಸರು ನೋಡುತ್ತಿರಲಿಲ್ಲ, ಮೊದಲು ನಂಬರ್ ಹುಡುಕುತ್ತಿದ್ದೆ. ನಂಬರ್ ಇಲ್ಲದ ಕಾಗದಕ್ಕೆ ಮೊದಲು ನಂಬರ್ ಕೇಳಿ ಕಾಗದ ಬರೆಯುತ್ತಿದ್ದೆ. ತಿಂಗಳೆರಡರಲ್ಲಿ ಮರ್ಜಯೂನಿನ ಸ್ಪ್ಯಾನಿಷ್ ಕ್ಲರ್ಕುಗಳು ಕೇಳದೆಯೇ ನಂಬರ್ ಹಾಕಿ ಕಳಿಸತೊಡಗಿದರು. ಒಂದು ತಪ್ಪು ಅಕ್ಷರದಿಂದ ಒಬ್ಬ ಹುಡುಗನ ರಜೆ ನಿಂತುಹೋಗಬಹುದು, ಅವನ ತಂಗಿಯ ಮದುವೆ ಅವನಿಲ್ಲದೆ ನಡೆದುಹೋಗಬಹುದು. ಗುಡ್ಡದ ಮೇಲೆ ಪೋಸ್ಟಿನಲ್ಲಿ ನಿಂತವನು ತನ್ನ ಕಾಗದದ ಬಗ್ಗೆ ಯೋಚನೆ ಮಾಡುವ ಹಾಗೆ ಆಗಬಾರದು. ನನ್ನ ಪ್ರಕಾರ ಕ್ಲರ್ಕಿನ ಡ್ಯೂಟಿ ಅಂದರೆ ಇಷ್ಟೇ.

ರಜೆ ಅಂದ ಮೇಲೆ ಟಿಕೆಟಿನ ಕಥೆ ಹೇಳಲೇಬೇಕು. ಒಬ್ಬ ನಾಯಕ್‌ಗೆ ಏಪ್ರಿಲ್‌ನಲ್ಲಿ ರಜೆ ಮಂಜೂರಾಗಿತ್ತು. ಆಂಧ್ರದವನು. ಹೆಸರು ಉದ್ದ, ವೆಂಕಟ ಅಂತ ಶುರುವಾಗಿ ಇನ್ನೂ ಎರಡು ದೇವರನ್ನು ದಾಟಿ ಹೋಗುತ್ತದೆ. ಬೈರೂತಿನ ಒಂದು ಟ್ರಾವೆಲ್ ಏಜೆನ್ಸಿಗೆ ಫೋನ್ ಮಾಡಿದೆವು. ಫೋನಿನಲ್ಲಿ ಕೂತಿದ್ದವನು ನಮ್ಮ ಸಿಗ್ನಲ್ ಹವಾಲ್ದಾರ್. ಅವನಿಗೆ ಸ್ಪೆಲ್ಲಿಂಗ್ ಹೇಳುವುದು ಅಂದರೆ ವೈರ್‌ಲೆಸ್ ಪದ್ಧತಿಯೇ, ಒಂದೊಂದು ಅಕ್ಷರಕ್ಕೂ ಒಂದು ಪದ, ವಿ ಅಂದರೆ ವಿಕ್ಟರ್. ಗಂಟಲು ಸರಿಮಾಡಿಕೊಂಡು ಶುರು ಮಾಡಿದ: 'ವಿಕ್ಟರ್, ಎಕೋ, ನವೆಂಬರ್, ಕಿಲೋ...'

ಆ ಕಡೆಯಿಂದ ಒಂದು ಹೆಣ್ಣು ದನಿ, ಬಹಳ ಮರ್ಯಾದೆಯಿಂದ: 'ಪ್ರಯಾಣಿಕರ ಹೆಸರು ವಿಕ್ಟರ್, ಅಲ್ವಾ?'

'ಇಲ್ಲ ಮೇಡಂ, ವಿಕ್ಟರ್ ಬರೀ ಮೊದಲನೆಯದು.'

'ಅಂದ್ರೆ ಇಬ್ಬರು ಪ್ರಯಾಣಿಕರು?'

'ಒಬ್ಬನೇ. ಮತ್ತೆ ಹೇಳ್ತೀನಿ. ವಿಕ್ಟರ್, ಎಕೋ, ನವೆಂಬರ್...'

'ಸರ್, ಈಗ ತಾನೇ ಏಪ್ರಿಲ್ ಅಂದ್ರಿ. ಏಪ್ರಿಲ್ಲಾ, ನವೆಂಬರಾ?'

'ಏಪ್ರಿಲ್! ಕಿಲೋ, ಆಲ್ಫಾ...'

'ಕಿಲೋ ವಿಚಾರ ಆಮೇಲೆ ಹೇಳ್ತೀನಿ ಸರ್, ಲಗೇಜಿಗೆ ಬೇರೆ ನಿಯಮ ಇದೆ.'

ಆಫೀಸಿನಲ್ಲಿ ನಾವು ನಾಲ್ಕು ಜನ ಇದ್ದೆವು. ಒಬ್ಬರ ಮುಖ ಒಬ್ಬರು ನೋಡುವ ಹಾಗಿರಲಿಲ್ಲ. ಸುಬೇದಾರ್ ಸಾಹೇಬರು ಫೈಲ್ ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದರು, ಫೈಲ್ ಅಲುಗಾಡುತ್ತಿತ್ತು. ರಜೆಗೆ ಹೋಗುವ ನಾಯಕ್ ಮಾತ್ರ ಬಾಗಿಲಲ್ಲಿ ನಿಂತು ಕೈ ಕೈ ಹಿಸುಕಿಕೊಳ್ಳುತ್ತಿದ್ದ, ಪಾಪ, ಅವನ ರಜೆ ನವೆಂಬರಿಗೆ ಹೋಗುತ್ತಿತ್ತಲ್ಲ. ಅಂದಿನಿಂದ ಟಿಕೆಟಿನ ಹೆಸರು ಫೋನಿನಲ್ಲಿ ಹೇಳುವುದನ್ನು ನಿಲ್ಲಿಸಿಬಿಟ್ಟೆವು. ಮಾಸ್ಟರ್ ಹಾಳೆಯಿಂದ ನೇರ ಕಾಪಿ ಮಾಡಿ ಇಮೇಲ್ ಕಳಿಸುವುದು, ವಾಪಸ್ ಬಂದ ಟಿಕೆಟನ್ನು ಪ್ರಯಾಣದ ದಾಖಲೆಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡುವುದು. ಹೋಗುವವನ ಕೈಯಿಂದಲೇ ಓದಿಸುವುದು. ತನ್ನ ಹೆಸರಿನ ತಪ್ಪು ತನಗೆ ಕಂಡ ಹಾಗೆ ಬೇರೆಯವರಿಗೆ ಕಾಣುವುದಿಲ್ಲ.

ಪ್ಲಗ್ಗು, ಸಾಕೆಟ್ಟಿನ ರಗಳೆ ಇತ್ತು, ನಮ್ಮ ದಪ್ಪ ಮೂರು ಪಿನ್ನು ಅಲ್ಲಿನ ಗೋಡೆಗೆ ಹೋಗದು. ಅಡಾಪ್ಟರ್ ತಂದ ಮೇಲೆ ಮುಗಿಯಿತು. ಮುಗಿಯದೇ ಇದ್ದದ್ದು ಅಂಗಡಿ ಬಿಲ್ಲಿನ ರಗಳೆ.

ಸಣ್ಣಪುಟ್ಟ ಸಾಮಾನನ್ನು ಪಕ್ಕದ ಊರುಗಳಲ್ಲೇ ಕೊಳ್ಳುತ್ತಿದ್ದೆವು. ಕೆಲವು ಅಂಗಡಿಯವರು ಬಿಲ್ಲನ್ನು ಅರಬ್ಬಿ ಅಂಕಿಯಲ್ಲಿ ಬರೆಯುತ್ತಿದ್ದರು. ನಾವು ಇಂಗ್ಲಿಷ್ ಅಂಕಿ ಅನ್ನುವ 1, 2, 3 ಬೇರೆ, ಅವರು ಬರೆಯುವುದು ಬೇರೆ. ಅವರ ಐದು ನಮ್ಮ ಸೊನ್ನೆಯ ಹಾಗೆ ದುಂಡಗೆ ಇರುತ್ತದೆ. ಅವರ ಸೊನ್ನೆ ಬರೀ ಒಂದು ಚುಕ್ಕೆ. ಅವರ ಆರು ನೋಡಲು ನಮ್ಮ 7. ಅವರ ಏಳು ಇಂಗ್ಲಿಷಿನ ವಿ ಅಕ್ಷರ, ಎಂಟು ಅದೇ ವಿ ತಲೆಕೆಳಗಾಗಿ. ಮೇಲಾಗಿ ಲೆಬನಾನಿನ ಪೌಂಡು. ಆಗ ಒಂದು ಡಾಲರಿಗೆ ಸುಮಾರು 1,500 ಪೌಂಡು, ವರ್ಷಗಟ್ಟಲೆ ಒಂದೇ ದರ. ಒಂದು ಬಾಟಲಿ ನೀರಿಗೂ ಸಾವಿರದ ಲೆಕ್ಕ.

ಹೀಗೆ ಒಂದು ಬಿಲ್ಲು ಬಂತು. ಕರ್ಟನ್ ಬಟ್ಟೆಗೆ 50,000 ಪೌಂಡು. ಅಂಗಡಿಯವನು ಐದು ಬರೆದು ನಾಲ್ಕು ಸೊನ್ನೆ ಹಾಕಿದ್ದಾನೆ. ನಮ್ಮ ಕಣ್ಣಿಗೆ ಅದು ಒಂದು ಸೊನ್ನೆ, ಆಮೇಲೆ ನಾಲ್ಕು ಚುಕ್ಕೆ. ಸಾಮಾನು ಸರಂಜಾಮು ನೋಡುವ ಕ್ವಾರ್ಟರ್ ಮಾಸ್ಟರ್ ಕಡೆಯ ಹವಾಲ್ದಾರರು ಕನ್ನಡಕ ಹಾಕಿಕೊಂಡು ನೋಡಿದರು. 'ಸೊನ್ನೆ. ಮುಂದೆ ಖಾಲಿ ಜಾಗ ಚುಕ್ಕೆ ಹಾಕಿ ಮುಚ್ಚಿದ್ದಾನೆ. ದುಡ್ಡೇ ತಗೊಂಡಿಲ್ಲ ಬಾಬೂಜಿ! ಎಂಥಾ ಒಳ್ಳೇ ಮನುಷ್ಯ!' ಅಂದರು. ಅಷ್ಟೇ ಅಲ್ಲ, ಅವನಿಗೊಂದು ಧನ್ಯವಾದ ಪತ್ರ ಬರೆಯಿರಿ ಅಂತ ನನಗೆ ಹೇಳಿದರು. ದುಡ್ಡು ಕೊಟ್ಟು ಬಂದಿದ್ದ ಹುಡುಗ ಅಲ್ಲೇ ನಿಂತಿದ್ದ. 'ಸಾಬ್, ನನ್ನ ಜೇಬಿನಿಂದ 50,000 ಹೋಗಿದೆ, ಮೊದಲು ಅದು ಕೊಡಿಸಿ' ಅಂದ.

ಕನ್ನಡದವನಿಗೆ ಎರಡು ತರಹದ ಅಂಕಿ ಹೊಸದಲ್ಲ. ನಮ್ಮೂರಿನ ಬಸ್ಸಿನ ಮೇಲೆ ಕನ್ನಡ ಅಂಕಿ, ಟಿಕೆಟಿನ ಮೇಲೆ ಇಂಗ್ಲಿಷ್ ಅಂಕಿ ಓದಿ ಬೆಳೆದವನು ನಾನು. ಅಂದು ಸಂಜೆಯೇ ಕ್ಯಾಂಪಿನ ಲೆಬನಾನಿ ದುಭಾಷಿಯನ್ನು ಕೂರಿಸಿಕೊಂಡು ಹತ್ತು ಅಂಕಿ ಕಲಿತೆ. ಒಂದು ದೊಡ್ಡ ಹಾಳೆಯಲ್ಲಿ ಮೇಲೆ ಅವರ ಅಂಕಿ, ಕೆಳಗೆ ನಮ್ಮ ಅಂಕಿ ಬರೆದು ಆಫೀಸಿನ ಗೋಡೆಗೆ ಅಂಟಿಸಿದೆ. ಲೋಕಲ್ ಖರೀದಿಗೆ ಹೋಗುವವನು ಬಿಲ್ಲಿನ ಕೆಳಗೆ ಅಲ್ಲೇ, ಅಂಗಡಿಯವನ ಎದುರಿನಲ್ಲೇ, ಮೊತ್ತವನ್ನು ನಮ್ಮ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿಕೊಂಡು ಬರಬೇಕು ಅಂತ ಆದೇಶವಾಯಿತು. ಅಕ್ಷರದಲ್ಲಿ ಬರೆಯುವುದಕ್ಕೆ ಅಂಗಡಿಯವರಿಂದ ಏನೂ ತಕರಾರಿಲ್ಲ. ಎಬೆಲ್ ಎಸ್ ಸಾಕಿಯವರಿಗೆ ಹೊರಗಿನ ಸೈನಿಕರು ಹೊಸಬರಲ್ಲ. ಭಾರತದವರಿಗಿಂತ ಮುಂಚೆ ಇಪ್ಪತ್ತು ವರ್ಷ ಅಲ್ಲಿ ನಾರ್ವೆಯ ಬೆಟಾಲಿಯನ್ ಇತ್ತು. ಹಾಗಾಗಿ ಅಲ್ಲಿನ ದೊಡ್ಡವರಲ್ಲಿ ಕೆಲವರಿಗೆ ನಾರ್ವೆಯ ಭಾಷೆ ಬರುತ್ತಿತ್ತು, ಅವರ ಮಕ್ಕಳಿಗೆ ಹಿಂದಿ. ಒಬ್ಬ ಅಂಗಡಿಯವನು ನನಗೆ ಹಿಂದಿಯಲ್ಲಿ 'ನಮಸ್ತೆ ಬಾಬೂಜಿ, ಫಿಕ್ಸ್ ರೇಟ್' ಅಂದ. ಆಮೇಲೆ ತಾನೇ ದರ ಇಳಿಸಿದ. ನಾನು ಚೌಕಾಸಿಗೆ ಬಾಯಿ ಕೂಡ ತೆರೆದಿರಲಿಲ್ಲ. ಹಿಂದಿನ ಪಲ್ಟನ್ನಿನವರು ಅಷ್ಟು ಚೆನ್ನಾಗಿ ತಯಾರು ಮಾಡಿದ್ದರು.

ಈಗ ದುಡ್ಡಿನ ವಿಷಯ. ಊರಲ್ಲಿ ಎಲ್ಲರೂ ಅಂದುಕೊಳ್ಳುವುದು ವಿಶ್ವಸಂಸ್ಥೆಗೆ ಹೋದವನಿಗೆ ಸಂಬಳವೇ ಡಾಲರಿನಲ್ಲಿ ಅಂತ. ವಿಶ್ವಸಂಸ್ಥೆ ತಲೆಗೆ ಇಷ್ಟು ಅಂತ ದುಡ್ಡು ಕೊಡುವುದು ನಮ್ಮ ಸರ್ಕಾರಕ್ಕೆ. ನಮಗೆ ಸಂಬಳ ಕೊಡುವುದು ನಮ್ಮ ಸರ್ಕಾರ. ವಿಶ್ವಸಂಸ್ಥೆಯಿಂದ ಸೀದಾ ಜವಾನನ ಕೈಗೆ ಬರುವುದು ದಿನಭತ್ಯೆ. ಅದು ದಿನಕ್ಕೆ 1 ಡಾಲರ್ 28 ಸೆಂಟ್. ಬಹಳ ಹಳೆಯ ದರ. ಸಿಪಾಯಿ ಆಗಲಿ ಕಮಾಂಡಿಂಗ್ ಆಫೀಸರ್ ಆಗಲಿ, ಎಲ್ಲರಿಗೂ ಅಷ್ಟೇ. ಇದು ನನಗೆ ತುಂಬಾ ಹಿಡಿಸಿದ ವಿಷಯ. ಸಂಬಳ ಪಟ್ಟಿಯಲ್ಲಿ ಕರ್ನಲ್ ಸಾಹೇಬರ ಹೆಸರಿನ ಎದುರಿಗೂ ಲಂಗರಿನಲ್ಲಿ, ಅಂದರೆ ಪಲ್ಟನ್ನಿನ ಅಡುಗೆಮನೆಯಲ್ಲಿ, ರೊಟ್ಟಿ ಬೇಯಿಸುವವನ ಹೆಸರಿನ ಎದುರಿಗೂ ಒಂದೇ ಅಂಕಿ ಇದ್ದದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ.

ಆದರೆ ಹಂಚುವುದು ಹೇಗೆ? 30 ದಿನಕ್ಕೆ 38 ಡಾಲರ್ 40 ಸೆಂಟ್. 31 ದಿನಕ್ಕೆ 39 ಡಾಲರ್ 68 ಸೆಂಟ್. ಡಾಲರ್ ನೋಟು ಸಿಗುತ್ತದೆ, ಸೆಂಟ್ ನಾಣ್ಯ ಲೆಬನಾನಿನಲ್ಲಿ ಯಾರು ಇಟ್ಟಿರುತ್ತಾರೆ? 68 ಸೆಂಟಿಗೆ ಲೆಬನಾನಿನ ದುಡ್ಡು ಕೊಡೋಣ ಅಂದರೆ 1,020 ಪೌಂಡು. ಸಾವಿರದ ನೋಟು ಕೊಡಬಹುದು, 20 ಪೌಂಡು? ಕೈಗೆ ಸಿಗುತ್ತಿದ್ದ ನಾಣ್ಯ 250, 500. ಮೊದಲ ಸಲ ಹಂಚಿದಾಗ ಒಬ್ಬ ಲಾನ್ಸ್ ನಾಯಕ್ ಸಹಿ ಹಾಕುವ ಮುಂಚೆ ಪೆನ್ನು ಎತ್ತಿ ಹಿಡಿದು ಕೇಳಿದ, 'ಬಾಬೂಜಿ, ನನ್ನ ಇಪ್ಪತ್ತು ಪೌಂಡು ಯಾರ ಹತ್ತಿರ ಉಳೀತು?' ಇಪ್ಪತ್ತು ಪೌಂಡು ಅಂದರೆ ಒಂದೂವರೆ ಸೆಂಟಿಗಿಂತ ಕಡಿಮೆ. ಅವನು ಜಗಳಕ್ಕೆ ಕೇಳಿದ್ದಲ್ಲ. ಹಳ್ಳಿಯಲ್ಲಿ ಸೊಸೈಟಿಗೆ ಹಾಲು ಹಾಕಿ ಬೆಳೆದ ಹುಡುಗ, ಚೀಟಿಯಲ್ಲಿ ಬರೆದದ್ದು ಕೈಗೆ ಬರಬೇಕು ಅಂತ ಅವನಿಗೆ ಗೊತ್ತು. ಅವನು ಕೇಳಿದ್ದು ಸರಿಯಾಗೇ ಇತ್ತು. ಪಟ್ಟಿಯಲ್ಲಿ 39.68 ಅಂತ ಇದ್ದು ಕೈಗೆ ಬೇರೆ ಕೊಟ್ಟು ಸಹಿ ಹಾಕಿಸಿಕೊಳ್ಳಬಾರದು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. 1.28ನ್ನು ಎಷ್ಟರಿಂದ ಗುಣಿಸಿದರೆ ಪೂರ್ತಿ ಡಾಲರ್ ಬರುತ್ತದೆ? 25ರಿಂದ. 25 ದಿನಕ್ಕೆ ಸರಿಯಾಗಿ 32 ಡಾಲರ್, ಒಂದು ಸೆಂಟೂ ಹೆಚ್ಚಿಲ್ಲ, ಕಡಿಮೆ ಇಲ್ಲ. 50 ದಿನಕ್ಕೆ 64. 75ಕ್ಕೆ 96. ನೂರು ದಿನಕ್ಕೆ 128. ಬೆಳಗ್ಗೆ ಸಾಹೇಬರಿಗೆ ತೋರಿಸಿದೆ. ಬಂದ ಹಣದಲ್ಲಿ ಪೂರ್ತಿ 25 ದಿನಗಳ ಕಂತು ಹಂಚುವುದು, ಮಿಕ್ಕ ದಿನಗಳನ್ನು ಪ್ರತಿಯೊಬ್ಬನ ಹೆಸರಿನ ಮುಂದೆ ಬರೆದು ಮುಂದಿನ ಸಲಕ್ಕೆ ಸೇರಿಸುವುದು ಅಂತ ತೀರ್ಮಾನವಾಯಿತು. ಸೈನಿಕ ಸಮ್ಮೇಳನದಲ್ಲಿ ಇದನ್ನು ಎಲ್ಲರಿಗೂ ಓದಿ ಹೇಳಿದೆವು. ಮುಂದಿನ ಪೇಮೆಂಟಿನಲ್ಲಿ ಆ ಲಾನ್ಸ್ ನಾಯಕ್ ನೋಟು ಎಣಿಸಿ, ಪಟ್ಟಿ ನೋಡಿ, ಮತ್ತೆ ಎಣಿಸಿ, 'ಬರಾಬರ್' ಅಂದ. ಆ ಒಂದು ಮಾತು ನನಗೆ ಪ್ರಶಂಸಾಪತ್ರಕ್ಕಿಂತ ದೊಡ್ಡದು.

ಗಡಿಯಾರದ ಕಥೆ ಇದಕ್ಕಿಂತ ಮಜಾ. ಭಾರತದಲ್ಲಿ ಹುಟ್ಟಿ ಬೆಳೆದವನಿಗೆ ಗಡಿಯಾರ ಅಂದರೆ ನಡೆಯುತ್ತಾ ಇರುವುದು. ವರ್ಷಕ್ಕೆ ಎರಡು ಸಲ ಇಡೀ ದೇಶವೇ ಮುಳ್ಳು ತಿರುಗಿಸುವುದು ನಾವು ಕಂಡದ್ದಲ್ಲ. ಲೆಬನಾನಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದೆ. ಚಳಿಗಾಲದಲ್ಲಿ ನಮ್ಮೂರಿಗೂ ಅಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಎರಡೂವರೆ. ಮಾರ್ಚಿನಲ್ಲಿ ಅಷ್ಟೇನೂ ಆಗಲಿಲ್ಲ. ಎಲ್ಲರಿಗೂ ಒಂದು ಗಂಟೆ ನಿದ್ದೆ ಹೋಯಿತು, ಗೊಣಗಿಕೊಂಡು ಪಿ.ಟಿ.ಗೆ ಬಂದರು. ಅಕ್ಟೋಬರಿನಲ್ಲಿ ಆಯಿತು ನೋಡಿ.

ಬದಲಾವಣೆ ಆಗುವುದು ಶನಿವಾರ ಮಧ್ಯರಾತ್ರಿ. ಹನ್ನೆರಡು ಹೊಡೆಯುವ ಕ್ಷಣಕ್ಕೆ ಮತ್ತೆ ಹನ್ನೊಂದು ಆಗುತ್ತದೆ. ಗೇಟಿನಲ್ಲಿ ರಾತ್ರಿ ಹತ್ತರಿಂದ ಹನ್ನೆರಡರ ಸಂತ್ರಿ ಡ್ಯೂಟಿ. ಆ ಹುಡುಗ ಎರಡು ಗಂಟೆ ನಿಂತ. ಹನ್ನೆರಡಾಯಿತು ಅಂತ ಬದಲಿಯವನನ್ನು ಎಬ್ಬಿಸಲು ಹೋದ. ಬದಲಿಯವನು ಕಂಬಳಿಯೊಳಗಿಂದಲೇ ತನ್ನ ಮೊಬೈಲ್ ನೋಡಿದ. ಅದು ತಾನಾಗಿಯೇ ಹಿಂದೆ ಹೋಗಿತ್ತು. 'ಇನ್ನೂ ಹನ್ನೊಂದು, ಒಂದು ಗಂಟೆ ಇದೆ, ಹೋಗು' ಅಂದು ಮಗ್ಗುಲು ಬದಲಿಸಿದ. ಸಂತ್ರಿಯ ಕೈಗಡಿಯಾರದಲ್ಲಿ ಹನ್ನೆರಡು. ಇಬ್ಬರೂ ಸರಿ! ಗಾರ್ಡ್ ಕಮಾಂಡರ್ ಎದ್ದು ಬಂದು, ಅವನ ಗಡಿಯಾರ ನೋಡಿ, ಇವನ ಮೊಬೈಲ್ ನೋಡಿ, ಆದೇಶದ ಪ್ರತಿ ತೆಗೆದು ಟಾರ್ಚ್ ಹಾಕಿ ಓದಿದ. ಆದೇಶದಲ್ಲಿ ಗಡಿಯಾರ ಹಿಂದೆ ಹಾಕಿ ಅಂತ ಇದೆ, ಆ ಹೆಚ್ಚುವರಿ ಗಂಟೆ ಯಾರು ನಿಲ್ಲಬೇಕು ಅಂತ ಮೇಲಿನಿಂದ ಬಂದ ಕಾಗದದಲ್ಲಿ ಇರಲಿಲ್ಲ. ಕೊನೆಗೆ ಗಾರ್ಡ್ ಕಮಾಂಡರ್ ದೊಡ್ಡ ಮನಸ್ಸು ಮಾಡಿ ಆ ಗಂಟೆ ತಾನೇ ನಿಂತ. ಒಳ್ಳೇ ಮನುಷ್ಯ, ಹಿಮಾಚಲದವನು. ಬೆಳಗ್ಗೆ ಇದನ್ನು ಕೇಳಿದ ಸುಬೇದಾರ್ ಮೇಜರ್ ಸಾಹೇಬರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಅವನಿಗೆ ಅರ್ಧ ದಿನ ಬಿಡುವು ಕೊಟ್ಟರು.

ನನ್ನ ಮೇಜಿಗೆ ಬಂದ ಸಮಸ್ಯೆ ಬೇರೆ. ಆಪರೇಷನ್ ಲಾಗ್ ಪುಸ್ತಕದಲ್ಲಿ ಆ ರಾತ್ರಿ 23:40 ಎರಡು ಸಲ ಬಂದಿತ್ತು. ಮೊದಲ 23:40ಕ್ಕೆ ಒಂದು ಪೋಸ್ಟಿನಿಂದ 'ಎಲ್ಲ ಸರಿ' ಅಂತ ವರದಿ. ಎರಡನೆಯ 23:40ಕ್ಕೆ ಅದೇ ಪೋಸ್ಟು, ರಸ್ತೆಯಲ್ಲಿ ಒಂದು ಗಾಡಿ ಕೆಟ್ಟು ನಿಂತಿದೆ ಅಂತ. ವಾರ ಕಳೆದು ಓದುವವನಿಗೆ ಒಂದೇ ನಿಮಿಷದಲ್ಲಿ ಎಲ್ಲ ಸರಿಯೂ ಇತ್ತು, ಸರಿ ಇರಲೂ ಇಲ್ಲ. ಇದಕ್ಕೆ ಉಪಾಯ ಸೇನೆಯಲ್ಲೇ ಇದೆ. ಸಮಯದ ಮುಂದೆ ಒಂದು ಅಕ್ಷರ ಹಾಕುವ ಪದ್ಧತಿ. ಗ್ರೀನ್‌ವಿಚ್‌ಗಿಂತ ಮೂರು ಗಂಟೆ ಮುಂದಿದ್ದರೆ ಚಾರ್ಲಿ, ಅಂದರೆ ಸಿ, ಎರಡು ಗಂಟೆ ಮುಂದಿದ್ದರೆ ಬ್ರಾವೋ, ಅಂದರೆ ಬಿ. ಮೊದಲ 23:40 ಚಾರ್ಲಿ, ಎರಡನೆಯದು ಬ್ರಾವೋ. ಡ್ಯೂಟಿ ಆಫೀಸರರಿಂದ ಎರಡರ ಮುಂದೆಯೂ ಅಕ್ಷರ ಹಾಕಿಸಿ ಸಹಿ ಮಾಡಿಸಿದೆ. ಮುಂದಿನ ವರ್ಷದ ಆದೇಶದ ಕರಡಿನಲ್ಲಿ ಎರಡು ಸಾಲು ಸೇರಿಸಿದೆ: ಆ ರಾತ್ರಿ ಎಲ್ಲ ದಾಖಲೆಯಲ್ಲೂ ಅಕ್ಷರ ಕಡ್ಡಾಯ, ಹತ್ತರಿಂದ ಹನ್ನೆರಡರ ಡ್ಯೂಟಿಯನ್ನು ಇಬ್ಬರಿಗೆ ಒಂದೂವರೆ ಒಂದೂವರೆ ಗಂಟೆ ಹಂಚಬೇಕು.

ಇನ್ನೊಂದು ವಿಷಯ ಹೇಳದಿದ್ದರೆ ಆಗುವುದಿಲ್ಲ, ನಮ್ಮ ಪಶುವೈದ್ಯರದು. ಆ ಭಾಗದಲ್ಲಿ ಭಾರತದ ಬೆಟಾಲಿಯನ್ ಅಂದರೆ ಜನರಿಗೆ ಮೊದಲು ನೆನಪಾಗುವುದು ಡಾಕ್ಟರು. ಮನುಷ್ಯರ ಡಾಕ್ಟರು ಒಬ್ಬರು, ದನದ ಡಾಕ್ಟರು ಒಬ್ಬರು. ಗುಡ್ಡದ ಜನ ಕುರಿ ಮೇಕೆ ಸಾಕುವವರು. ರಾತ್ರಿ ಹೊತ್ತಲ್ಲಿ ಮೇಕೆ ಹೆಗಲ ಮೇಲೆ ಹಾಕಿಕೊಂಡು ಗೇಟಿಗೆ ಬರುತ್ತಿದ್ದರು. ಗೇಟಿನ ರಿಜಿಸ್ಟರಿನಲ್ಲಿ 'ಬಂದವರ ಹೆಸರು, ಬಂದ ಉದ್ದೇಶ' ಅಂತ ಖಾನೆ. ಒಬ್ಬ ಸಂತ್ರಿ ನಿಷ್ಠೆಯಿಂದ ಬರೆದಿದ್ದ: 'ಒಬ್ಬ ಗಂಡಸು, ಒಂದು ಮೇಕೆ. ಗಂಡಸು ಆರೋಗ್ಯವಾಗಿದ್ದಾನೆ.'

ಪ್ರತಿ ತಿಂಗಳು ಚಿಕಿತ್ಸೆ ಪಡೆದವರ ಲೆಕ್ಕ ಮೇಲೆ ಕಳಿಸಬೇಕು. ಗಂಡು, ಹೆಣ್ಣು, ಮಕ್ಕಳು ಅಂತ ಮೂರು ಖಾನೆ. ಒಂದು ತಿಂಗಳು ಎರಡು ರಿಜಿಸ್ಟರುಗಳು ಒಟ್ಟಿಗೆ ಟೈಪಿಂಗಿಗೆ ಹೋದವು. ಟೈಪ್ ಮಾಡುತ್ತಿದ್ದವನು ಹೊಸ ಹುಡುಗ, ಎರಡನ್ನೂ ಒಂದೇ ಅಂತ ಕೂಡಿದ. ಕರಡನ್ನು ಸಹಿಗೆ ಮೊದಲು ಮೆಡಿಕಲ್ ಆಫೀಸರರಿಗೆ ತೋರಿಸುವುದು ನಮ್ಮ ಪದ್ಧತಿ. ಸಾಹೇಬರು ಓದುತ್ತಾ ಹುಬ್ಬು ಮೇಲೇರಿಸಿದರು. 'ಹೆಂಗಸರ ಸಂಖ್ಯೆ ಇಷ್ಟು ಹೇಗೆ ಏರಿತು? ಹೋಗಲಿ, ಇಲ್ಲಿ ಹೆರಿಗೆ ಮೂರು ಅಂತಿದೆ. ನಾನು ಈ ದೇಶಕ್ಕೆ ಬಂದ ಮೇಲೆ ಒಂದು ಹೆರಿಗೆಯನ್ನೂ ಮಾಡಿಸಿಲ್ಲ!' ಅಷ್ಟರಲ್ಲಿ ಪಶುವೈದ್ಯ ಸಾಹೇಬರು ಒಳಗೆ ಬಂದರು. 'ಮೂರೂ ನನ್ನವು. ಒಂದಕ್ಕೆ ಅವಳಿ. ತಾಯಿ ಮರಿ ಎಲ್ಲ ಕ್ಷೇಮ' ಅಂದರು. ಇಬ್ಬರು ಡಾಕ್ಟರೂ ಅಲ್ಲೇ ಕುರ್ಚಿ ಎಳೆದುಕೊಂಡು ಕೂತು ಮನಸಾರೆ ನಕ್ಕರು. ಆ ಹೊಸ ಹುಡುಗನನ್ನು ಯಾರೂ ಬೈಯಲಿಲ್ಲ. ಮಾರನೇ ದಿನವೇ ದನದ ರಿಜಿಸ್ಟರಿಗೆ ಕಂದು ರಟ್ಟು, ಜನದ ರಿಜಿಸ್ಟರಿಗೆ ಬಿಳಿ ರಟ್ಟು ಹಾಕಿಸಿದೆ. ಮೇಲೆ ದೊಡ್ಡದಾಗಿ ಹೆಸರು. ಆಮೇಲೆ ಅಂಥದ್ದು ನಡೆಯಲಿಲ್ಲ.

ಆ ಮೇಕೆಯ ಮಾಲೀಕರು ಒಂದು ಡಬ್ಬಿ ಆಲಿವ್ ಎಣ್ಣೆ ತಂದರು. ಅದನ್ನು ಯಾವ ಲೆಕ್ಕಕ್ಕೆ ಬರೆಯುವುದು ಅಂತ ಕ್ವಾರ್ಟರ್ ಮಾಸ್ಟರ್ ಆಫೀಸಿನಲ್ಲಿ ದೊಡ್ಡ ಚರ್ಚೆ. ಕೊನೆಗೆ ಲಂಗರಿಗೆ ಜಮಾ ಆಯಿತು. ದಾಲಿಗೆ ಅದರ ಒಗ್ಗರಣೆ ಹಾಕಿದ ದಿನ ಯಾರಿಗೂ ರುಚಿಸಲಿಲ್ಲ. ಅದೇ ಎಣ್ಣೆಯನ್ನು ಊರಿನವರ ಹಾಗೆ ಬಿಸಿ ರೊಟ್ಟಿಗೆ ಝಾತರ್ ಅನ್ನುವ ಅಲ್ಲಿನ ಮಸಾಲೆ ಪುಡಿ ಜೊತೆ ಹಚ್ಚಿ ಕೊಟ್ಟ ದಿನ ಡಬ್ಬಿ ಖಾಲಿ.

90 ದಿನ ಸೇವೆ ಪೂರೈಸಿದವನಿಗೆ ವಿಶ್ವಸಂಸ್ಥೆಯ ಪದಕ. ಪದಕ ಕೊಡುವ ಪರೇಡಿಗೆ ಮುಂಚೆ ಪ್ರಮಾಣಪತ್ರಗಳು ಬಂದವು, ಪ್ರತಿಯೊಂದನ್ನೂ ಮಾಸ್ಟರ್ ಹಾಳೆಯ ಜೊತೆ ತಾಳೆ ನೋಡಿದೆ. ಕೆಲವು ವಾಪಸ್ ಕಳಿಸಿ ತಿದ್ದಿಸಿದೆ. ಮನೆಯ ಗೋಡೆಯ ಮೇಲೆ ಮೂವತ್ತು ನಲವತ್ತು ವರ್ಷ ಇರುವ ಕಾಗದ ಅದು, ಅದರಲ್ಲಿ ಹೆಸರು ತಪ್ಪಿರಬಾರದು. ಮಂಡ್ಯದ ಹುಡುಗನಿಗೆ ಮಾತ್ರ ಅಪ್ಪನ ಹೆಸರು ಮುಂದಿರುವ ಪ್ರಮಾಣಪತ್ರ ಬಂದಿತ್ತು. ತಿದ್ದಿಸಲಾ ಅಂತ ಕೇಳಿದೆ. 'ಬೇಡ ಸರ್, ಹಾಗೇ ಇರಲಿ, ಅಪ್ಪನಿಗೆ ತೋರಿಸಬೇಕು' ಅಂದ.

ನಮ್ಮ ಅವಧಿ ಮುಗಿಯುವಾಗ ಹೊಸ ಪಲ್ಟನ್ನಿನ ಮುಂಚೂಣಿ ತಂಡ ಬಂತು. ಅವರ ಕ್ಲರ್ಕ್ ರಾಜಸ್ಥಾನದವರು, ನನಗಿಂತ ಚಿಕ್ಕವರು. ಹ್ಯಾಂಡಿಂಗ್ ಟೇಕಿಂಗ್ ಅಂದರೆ ಫೈಲ್ ನಂಬರ್, ರಬ್ಬರ್ ಸ್ಟಾಂಪು, ಬೀಗದ ಕೈ ಎಣಿಸಿ ಕೊಡುವುದು. ಅದು ಬೇಗ ಮುಗಿಯಿತು. ಮಿಕ್ಕ ಸಮಯದಲ್ಲಿ ಮಾಸ್ಟರ್ ಹಾಳೆ ಹೇಗೆ ಕಟ್ಟುವುದು, ಗೋಡೆಯ ಅಂಕಿ, 25 ದಿನದ ಲೆಕ್ಕ, ಅಕ್ಟೋಬರಿನ ಆದೇಶ, ಎರಡು ಬಣ್ಣದ ರಟ್ಟು ಎಲ್ಲ ಹೇಳಿಕೊಟ್ಟೆ. ಅವರು ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ತಮ್ಮ ನಾಮಿನಲ್ ರೋಲ್, ಅಂದರೆ ಹೆಸರುಗಳ ಪಟ್ಟಿ, ತೆಗೆದು ನನ್ನ ಮುಂದೆ ಇಟ್ಟು, 'ಬಾಬೂಜಿ, ನಮ್ಮಲ್ಲಿ ಸಿಂಗ್ ಕಡಿಮೆ, ಆದರೆ ರಾಮ್ ನೋಡಿ' ಅಂದರು. ಪುಟ ತಿರುಗಿಸಿದೆ. ರಾಮ್, ರಾಮ್, ರಾಮ್, ಪುಟದ ಕೊನೆಯವರೆಗೂ ರಾಮ್. ಇಬ್ಬರೂ ನಗುತ್ತಲೇ ಕುರ್ಚಿ ಹತ್ತಿರ ಎಳೆದುಕೊಂಡು, ಆರ್ಮಿ ನಂಬರ್ ಖಾನೆಯಿಂದ ಟೈಪ್ ಮಾಡಲು ಶುರು ಮಾಡಿದೆವು.